ಹೆಣ್ಣುಮಕ್ಕಳ ಫುಟ್‌ಬಾಲ್: ನೂರು ವರ್ಷದ ಎದೆಗಾರಿಕೆ, ನೂರು ವರ್ಷದ ಎದೆಬಡಿತ



ಕಳೆದ ಯುಗಾದಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಘದ ಸದಸ್ಯೆಯೊಬ್ಬರು ತಮ್ಮ ಹದಿಮೂರು ವರ್ಷದ ಮಗಳ ವಿಷಯ ತೆಗೆದರು. ಹುಡುಗಿ ತಮ್ಮ ಊರಿನ ಬಾಲಕಿಯರ ಫುಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಭಾನುವಾರ ಬೆಳಿಗ್ಗೆ ಪಂದ್ಯವೆಂದರೆ ಶನಿವಾರ ರಾತ್ರಿಯಿಂದಲೇ ಹೊಟ್ಟೆ ತೊಳಸುತ್ತದೆ, ತಿಂದದ್ದು ನಿಲ್ಲುವುದಿಲ್ಲ. ಒಮ್ಮೆ ಪೆನಾಲ್ಟಿ ಒದೆತ ತಪ್ಪಿಸಿಕೊಂಡ ಮೇಲಂತೂ "ನಾನು ಇನ್ನು ಹೋಗೋದೇ ಇಲ್ಲ ಅಮ್ಮಾ" ಎಂದು ಬೂಟುಗಳನ್ನು ಗ್ಯಾರೇಜಿಗೆ ಎಸೆದಿದ್ದಾಳೆ. ಊರಿನಿಂದ ಬಂದಿದ್ದ ಅಜ್ಜಿ, "ಹೆಣ್ಣುಹುಡುಗಿಗೆ ಆ ಒದೆದಾಟ ಯಾಕೆ ಬೇಕಿತ್ತು, ಬಿಟ್ಟುಬಿಡು ಪುಟ್ಟಿ" ಎಂದರಂತೆ. ಅಪ್ಪ, "ಹೆದರಬಾರದು, ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದರಂತೆ. "ಇಬ್ಬರ ಮಾತೂ ಅವಳ ಕಿವಿಗೆ ಹೋಗಲಿಲ್ಲ. ನಾನೇನು ಹೇಳಲಿ ಹೇಳಿ?" ಎಂದು ಆ ತಾಯಿ ಕೇಳಿದರು.

ಆಗ ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಮನೆಗೆ ಬಂದ ಮೇಲೆ ಯೋಚಿಸಿದೆವು. ನಾವು ಬಂದು ನೆಲೆಸಿರುವ ಈ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳು ನೂರು ವರ್ಷಗಳಿಂದ ಫುಟ್‌ಬಾಲ್ ಆಡಿದ್ದಾರೆ. ಅವರಿಗೂ ದಿಗಿಲಾಗಿದ್ದಿರಬೇಕು. ಅದನ್ನು ಅವರು ಏನು ಮಾಡಿದರು? ಈ ಪ್ರಶ್ನೆ ಹಿಡಿದು ಓದುತ್ತ ಹೋದಾಗ ನಮಗೆ ಸಿಕ್ಕಿದ ಕಥೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕಾರ್ಖಾನೆಯ ಹುಡುಗಿಯರು

ಮೊದಲ ಮಹಾಯುದ್ಧದ ಕಾಲ. ಗಂಡಸರು ರಣರಂಗಕ್ಕೆ ಹೋದರು, ಮದ್ದುಗುಂಡಿನ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಲ್ಯಾಂಕಷೈರಿನ ಪ್ರೆಸ್ಟನ್ ಊರಿನ ಡಿಕ್, ಕರ್ ಕಾರ್ಖಾನೆಯಲ್ಲಿ ಬಿಡುವಿನ ವೇಳೆ ಅಂಗಳದಲ್ಲಿ ಚೆಂಡೊದೆಯುತ್ತಿದ್ದ ಹುಡುಗಿಯರು 1917ರಲ್ಲಿ ಒಂದು ತಂಡ ಕಟ್ಟಿದರು. ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಆಲ್‌ಫ್ರೆಡ್ ಫ್ರಾಂಕ್‌ಲೆಂಡ್ ಎಂಬುವರು ವ್ಯವಸ್ಥಾಪಕರಾದರು. ಆ ವರ್ಷದ ಕ್ರಿಸ್‌ಮಸ್ ದಿನ ಡೀಪ್‌ಡೇಲ್ ಮೈದಾನದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಯ ಸಹಾಯಾರ್ಥ ಅವರು ಆಡಿದ ಪಂದ್ಯಕ್ಕೆ ಸುಮಾರು 10,000 ಜನ ಬಂದರು.

ಮೂರು ವರ್ಷದಲ್ಲಿ ಆ ಸಂಖ್ಯೆ ಎಲ್ಲಿಗೆ ಮುಟ್ಟಿತೆಂದರೆ, 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಡಿಕ್, ಕರ್ ಮತ್ತು ಸೇಂಟ್ ಹೆಲೆನ್ಸ್ ಮಹಿಳಾ ತಂಡಗಳ ಪಂದ್ಯ ನೋಡಲು 53,000 ಜನ ಸೇರಿದ್ದರು. ಜಾಗ ಸಾಲದೆ ಇನ್ನೂ ಸಾವಿರಾರು ಜನ ಗೇಟಿನ ಹೊರಗೇ ಉಳಿದರು. ಬಂದ 3,115 ಪೌಂಡು ಹಣ ಧರ್ಮಕಾರ್ಯಕ್ಕೆ ಹೋಯಿತು.

ಆ ತಂಡದ ತಾರೆ ಲಿಲಿ ಪಾರ್. ಸೇಂಟ್ ಹೆಲೆನ್ಸ್‌ನ ಬಡ ಮನೆಯ ಹುಡುಗಿ. ತಂಡ ಸೇರಿದಾಗ ಆಕೆಗೆ ಹದಿನಾಲ್ಕೋ ಹದಿನೈದೋ ವಯಸ್ಸು, ಅಂದರೆ ನಮ್ಮ ಸದಸ್ಯೆಯ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳು, ಅಷ್ಟೆ. ಎಡಗಾಲಿನಿಂದ ಒದೆದರೆ ಚೆಂಡು ತಡೆಯುವುದು ಗಂಡಸರಿಗೂ ಕಷ್ಟವಾಗಿತ್ತಂತೆ. ಈ ಹುಡುಗಿಯರು ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು, ಸಂಜೆ ಅಭ್ಯಾಸ ಮಾಡಿ, ರೈಲು ಹತ್ತಿ ಹೋಗಿ ಆಡಿ ಬರುತ್ತಿದ್ದರು. ಗುಡಿಸನ್ ಪಾರ್ಕಿನ ಆ ಜನಸಾಗರದ ನಡುವೆ ಕಾಲಿಟ್ಟಾಗ ಎದೆ ಎಷ್ಟು ಹೊಡೆದುಕೊಂಡಿತು ಎಂದು ಅವರನ್ನು ಕೂರಿಸಿ ಕೇಳಿ ಬರೆದಿಡಬೇಕೆಂಬ ಯೋಚನೆ ಆ ಕಾಲದವರಿಗೆ ಇರಲಿಲ್ಲ. ಆಗ ಎಲ್ಲರೂ ಕೇಳುತ್ತಿದ್ದ ಪ್ರಶ್ನೆಯೇ ಬೇರೆ: ಹೆಣ್ಣಿನ ಮೈಗೆ ಈ ಆಟ ತಡೆದೀತೇ?

ಮುಚ್ಚಿದ ಗೇಟು

ಯುದ್ಧ ಮುಗಿದಿತ್ತು, ಗಂಡಸರು ಮರಳಿದ್ದರು. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಲ್ಲರೂ ಎಫ್.ಎ. ಎನ್ನುವ ಸಂಸ್ಥೆ, ಒಂದು ನಿರ್ಣಯ ಮಾಡಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ಅದಕ್ಕೆ ಪ್ರೋತ್ಸಾಹ ಕೊಡಬಾರದು, ಸಂಸ್ಥೆಗೆ ಸೇರಿದ ಯಾವ ಕ್ಲಬ್ಬೂ ತನ್ನ ಮೈದಾನವನ್ನು ಅವರಿಗೆ ಬಿಟ್ಟುಕೊಡಬಾರದು ಎಂಬುದು ಅದರ ಸಾರ. ಧರ್ಮಕಾರ್ಯಕ್ಕೆಂದು ಎತ್ತಿದ ಹಣದಲ್ಲಿ ಹೆಚ್ಚು ಪಾಲು ಖರ್ಚಿಗೇ ಹೋಗುತ್ತಿದೆ ಎಂಬ ಆಪಾದನೆಯನ್ನೂ ಸೇರಿಸಿದರು. ಆಗ ದೇಶದಲ್ಲಿ ಸುಮಾರು 150 ಮಹಿಳಾ ತಂಡಗಳಿದ್ದವು. ಒಂದು ಕಾಗದದ ಹಾಳೆಯಿಂದ ಅಷ್ಟಕ್ಕೂ ಗೇಟು ಮುಚ್ಚಿತು.

ಈ ನಿರ್ಣಯಕ್ಕೆ ವೈದ್ಯರ ಬೆಂಬಲವೂ ಸಿಕ್ಕಿತು. ಅವರಲ್ಲಿ ಒಬ್ಬರು ಲಂಡನ್ನಿನ ಹಾರ್ಲೆ ಸ್ಟ್ರೀಟಿನ ಡಾಕ್ಟರ್ ಮೇರಿ ಶಾರ್ಲೀಬ್. ಈ ಆಟ ಹೆಣ್ಣಿನ ದೇಹಕ್ಕೆ ಮಿತಿಮೀರಿದ ಭಾರ ಎಂದು ಅವರು ಹೇಳಿದರು. ಇವರು ನಮ್ಮ ಕಡೆಯವರಿಗೆ ಅಪರಿಚಿತರಲ್ಲ. ಗಂಡನ ಜೊತೆ ಮದರಾಸಿಗೆ ಬಂದು, ಹೆಂಗಸರಿಗೆ ವೈದ್ಯ ಕಾಲೇಜಿನ ಬಾಗಿಲು ತೆರೆಯದಿದ್ದ ಕಾಲದಲ್ಲಿ, 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜು ಸೇರಿ ಓದಿದ ಮೊದಲ ಕೆಲವು ಮಹಿಳೆಯರಲ್ಲಿ ಒಬ್ಬರು. ಪರದೆಯೊಳಗಿದ್ದ ಹೆಂಗಸರಿಗಾಗಿ ಮದರಾಸಿನಲ್ಲಿ ಆಸ್ಪತ್ರೆ ಕಟ್ಟಿಸಿದವರು. ತನಗೆ ಮುಚ್ಚಿದ್ದ ಬಾಗಿಲನ್ನು ತಟ್ಟಿ ತಟ್ಟಿ ತೆರೆಸಿದ ಅಂಥ ದಿಟ್ಟ ಮಹಿಳೆಗೂ ಚೆಂಡೊದೆಯುವ ಹುಡುಗಿಯರ ವಿಷಯದಲ್ಲಿ ಹಾಗನ್ನಿಸಿತು. ನಮ್ಮ ಅಜ್ಜಿಯರ ಮೇಲೆ ಕೋಪಿಸಿಕೊಳ್ಳುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು. ಒಳ್ಳೆಯವರೂ ಪ್ರೀತಿಯಿಂದಲೇ ಗೇಟು ಮುಚ್ಚುತ್ತಾರೆ.

ಡಿಕ್, ಕರ್ ತಂಡ ನಿಲ್ಲಲಿಲ್ಲ. 1922ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಗಂಡಸರ ತಂಡಗಳ ಮೇಲೆ ಆಡಿ ಬಂತು. ಮುಂದೆ ಪ್ರೆಸ್ಟನ್ ಲೇಡೀಸ್ ಎಂಬ ಹೆಸರಿನಲ್ಲಿ, ಸಿಕ್ಕ ಬಯಲಿನಲ್ಲಿ, 1965ರವರೆಗೆ ಆಡಿತು. ಲಿಲಿ ಪಾರ್ 1951ರವರೆಗೆ ಆಡಿದರು. ಹೊಟ್ಟೆಪಾಡಿಗೆ ಆಕೆ ಮಾಡಿದ್ದು ನರ್ಸ್ ಕೆಲಸ, ಅದೂ ಪ್ರೆಸ್ಟನ್ ಬಳಿಯ ವಿಟಿಂಗ್‌ಹ್ಯಾಮ್ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ. ಮನಸ್ಸು ಕದಡಿದವರನ್ನು ದಿನವೂ ನೋಡಿಕೊಂಡ ಕೈ ಅದು. ಆದರೆ ಆಟಗಾರ್ತಿಯ ಮನಸ್ಸಿಗೂ ಆರೈಕೆ ಬೇಕಾದೀತು ಎಂಬ ಮಾತು ಅವರ ಕಾಲದಲ್ಲಿ ಹುಟ್ಟಿರಲಿಲ್ಲ. ನಿಷೇಧ ತೆಗೆದದ್ದು 1971ರಲ್ಲಿ, ಪೂರ್ತಿ ಐವತ್ತು ವರ್ಷದ ಮೇಲೆ. ಲಿಲಿ ಪಾರ್ 1978ರಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಫುಟ್‌ಬಾಲ್ ವಸ್ತುಸಂಗ್ರಹಾಲಯದ ಗೌರವ ಪಟ್ಟಿಗೆ ಸೇರಿದ ಮೊದಲ ಮಹಿಳೆ ಎಂಬ ಮಾನ 2002ರಲ್ಲಿ ಬಂತು. ಎಫ್.ಎ. ಕ್ಷಮೆ ಕೇಳಿದ್ದು 2008ರಲ್ಲಿ.

ಬಾಯಿಬಿಡದ ವರ್ಷಗಳು

1971ರ ಇನ್ನೊಂದು ಘಟನೆಯನ್ನು ಹೇಳಲೇಬೇಕು. ಆ ವರ್ಷ ಮೆಕ್ಸಿಕೊದಲ್ಲಿ ಅಧಿಕೃತ ಮುದ್ರೆಯಿಲ್ಲದ ಒಂದು ಮಹಿಳಾ ವಿಶ್ವಕಪ್ ನಡೆಯಿತು. ಹ್ಯಾರಿ ಬ್ಯಾಟ್ ಎಂಬ ಬಸ್ ಚಾಲಕರು ಇಂಗ್ಲೆಂಡಿನಿಂದ ಒಂದು ತಂಡ ಕರೆದೊಯ್ದರು. ಅದರಲ್ಲಿ ಅತಿ ಕಿರಿಯಳಿಗೆ ವಯಸ್ಸು 13. ಅಜ್‌ಟೆಕಾ ಕ್ರೀಡಾಂಗಣದಲ್ಲಿ ಸುಮಾರು ಲಕ್ಷದಷ್ಟು ಜನ ಸೇರುತ್ತಿದ್ದರು. ಡೆನ್ಮಾರ್ಕ್ ಗೆದ್ದ ಫೈನಲ್ ಪಂದ್ಯದಲ್ಲಿ ಮೂರು ಗೋಲು ಹೊಡೆದ ಸುಸಾನ್ ಆಗುಸ್ಟೆಸೆನ್‌ಗೆ ವಯಸ್ಸು ಹದಿನೈದು. ಬೀದಿಯಲ್ಲಿ ಜನ ಮುತ್ತಿಕೊಂಡು ಹಸ್ತಾಕ್ಷರ ಕೇಳುತ್ತಿದ್ದರು. ಈ ಹುಡುಗಿಯರು ಇಂಗ್ಲೆಂಡಿಗೆ ಮರಳಿದಾಗ ಸಿಕ್ಕಿದ್ದು ಶಿಕ್ಷೆ. ಒಪ್ಪಿಗೆಯಿಲ್ಲದ ಪಂದ್ಯಾವಳಿಯಲ್ಲಿ ಆಡಿದ್ದಕ್ಕೆ ಆಟದಿಂದ ದೂರವಿಟ್ಟರು. ಜೊತೆಗೆ ನಗೆಪಾಟಲು. ಎಷ್ಟೋ ಮಂದಿ ತಾವು ಅಲ್ಲಿಗೆ ಹೋಗಿ ಆಡಿದ್ದನ್ನೇ ದಶಕಗಟ್ಟಲೆ ಬಾಯಿಬಿಡಲಿಲ್ಲ.

ಈ ಮೌನವೇ ನಮ್ಮ ಕಥೆಯ ಮುಖ್ಯ ಎಳೆ. ಇಂಗ್ಲೆಂಡಿನ ಅಧಿಕೃತ ಮಹಿಳಾ ತಂಡ 1972ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಮೇಲೆ ಮೊದಲ ಪಂದ್ಯ ಆಡಿತು. 3-2ರಿಂದ ಗೆದ್ದಿತು. ಆದರೆ ಆಟಗಾರ್ತಿಯರು ಬಹುಕಾಲ ಸಂಬಳವಿಲ್ಲದವರು. ತಾವು ಇಲ್ಲಿರುವುದೇ ಹೆಚ್ಚು, ಇನ್ನು ಕಷ್ಟ ಹೇಳಿಕೊಂಡರೆ ಅದೂ ಹೋದೀತು ಎಂಬ ಅಳುಕು. ಫಾರಾ ವಿಲಿಯಮ್ಸ್ ಇಂಗ್ಲೆಂಡಿನ ಪರವಾಗಿ 172 ಪಂದ್ಯ ಆಡಿದವರು. ಅಷ್ಟು ಪಂದ್ಯ ಆಡಿದವರು ಆ ದೇಶದಲ್ಲಿ ಇನ್ನೊಬ್ಬರಿಲ್ಲ. ಅವರು ಹದಿಹರೆಯದಲ್ಲಿ ಮನೆಬಿಟ್ಟು ವರ್ಷಗಟ್ಟಲೆ ನಿರ್ಗತಿಕರ ವಸತಿಗೃಹಗಳಲ್ಲಿ ಮಲಗುತ್ತಿದ್ದರು. ದೇಶದ ಅಂಗಿ ತೊಟ್ಟು ಆಡುತ್ತಿದ್ದಾಗಲೂ ಹಾಗೆಯೇ. ಜೊತೆಯ ಬಹುಪಾಲು ಹುಡುಗಿಯರಿಗೆ ಅದು ಗೊತ್ತೇ ಇರಲಿಲ್ಲ. ಜನರ ಮುಂದೆ ಹೇಳಿಕೊಂಡದ್ದು 2014ರಲ್ಲಿ. ಇಂಗ್ಲೆಂಡಿನ ಅತ್ಯುತ್ತಮ ಆಟಗಾರ್ತಿಯರಲ್ಲಿ ಒಬ್ಬರೆನಿಸಿದ ಕೆಲ್ಲಿ ಸ್ಮಿತ್ ಅಮೆರಿಕಕ್ಕೆ ಆಡಲು ಹೋಗಿ, ಗಾಯದ ಮೇಲೆ ಗಾಯವಾಗಿ, ಒಂಟಿತನ ಮತ್ತು ಖಿನ್ನತೆಯಲ್ಲಿ ಕುಡಿತಕ್ಕೆ ಬಿದ್ದಿದ್ದರು. ಅದನ್ನು ಅವರು ಬರೆದದ್ದು 2012ರ ತಮ್ಮ ಆತ್ಮಕಥೆಯಲ್ಲಿ.

ಹೊರಗಿನಿಂದ ನೋಡಿದವರು ಇವರನ್ನು ಉಕ್ಕಿನ ಮನಸ್ಸಿನವರೆಂದರು. ಒಳಗೆ ಏನಿತ್ತು ಎಂಬುದು ಅವರಾಗಿ ಹೇಳಿದಾಗಲೇ ತಿಳಿದದ್ದು.

ಹನ್ನೆರಡು ಗಜದ ಒಂಟಿತನ

ಫುಟ್‌ಬಾಲಿನಲ್ಲಿ ಮನಸ್ಸಿನ ತಳಮಳ ಕಣ್ಣಿಗೆ ಕಾಣುವ ಒಂದು ಜಾಗವಿದೆ. ಅದೇ ಪೆನಾಲ್ಟಿ ಚುಕ್ಕೆ. ಪಂದ್ಯ ಸಮವಾದಾಗ ಒಬ್ಬೊಬ್ಬರಾಗಿ ಬಂದು ಗೋಲಿನಿಂದ ಹನ್ನೆರಡು ಗಜ ದೂರದಲ್ಲಿ ಚೆಂಡಿಟ್ಟು ಒದೆಯಬೇಕು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಮಧ್ಯದ ಗೆರೆಯಿಂದ ಅಲ್ಲಿಗೆ ನಡೆದು ಬರುವ ಆ ದಾರಿಯಷ್ಟು ಉದ್ದದ ದಾರಿ ಬೇರೊಂದಿಲ್ಲವೆಂದು ಆಡಿದವರೆಲ್ಲ ಹೇಳುತ್ತಾರೆ.

ಇಂಗ್ಲೆಂಡಿಗೆ ಇದು ಹಳೆಯ ಹುಣ್ಣು. ಯೂರೋಪಿನ ಮೊದಲ ಮಹಿಳಾ ಚಾಂಪಿಯನ್‌ಷಿಪ್ಪಿನ ಫೈನಲ್ಲಿನಲ್ಲಿ, 1984ರಲ್ಲಿ, ಲೂಟನ್ ಊರಿನ ಕೆಸರು ಮೈದಾನದಲ್ಲಿ ಅವರು ಸ್ವೀಡನ್ನಿಗೆ ಸೋತದ್ದು ಪೆನಾಲ್ಟಿಗಳಲ್ಲೇ. 2011ರ ವಿಶ್ವಕಪ್ಪಿನಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಫ್ರಾನ್ಸಿಗೆ ಸೋತದ್ದೂ ಹೀಗೆಯೇ. ಅಂದು ಒದೆಯಲು ಯಾರು ಮುಂದೆ ಬರುತ್ತೀರೆಂದು ತರಬೇತುದಾರರಾದ ಹೋಪ್ ಪೊವೆಲ್ ಮತ್ತೆ ಮತ್ತೆ ಕೇಳಬೇಕಾಯಿತಂತೆ. ಮುಂದೆ ಬರದೆ ಉಳಿದದ್ದನ್ನು ಅವರು ಹೇಡಿತನವೆಂದು ಕರೆದದ್ದು ಪತ್ರಿಕೆಗಳಲ್ಲಿ ಬಂತು. ಎಳೆಯ ಆಟಗಾರ್ತಿ ಕ್ಲೇರ್ ರಾಫರ್ಟಿ ತಾನಾಗಿ ಮುಂದೆ ಬಂದಿದ್ದಳು. ನಾಯಕಿ ಫೇ ವೈಟ್ ಕಾಲು ನೋವಿನಲ್ಲೇ ಬಂದಿದ್ದರು. ತಪ್ಪಿಸಿಕೊಂಡದ್ದು ಅವರಿಬ್ಬರೇ. ಮುಂದೆ ಬಂದವರಿಗೆ ಸೋಲಿನ ಹೊರೆ, ಬರದವರಿಗೆ ಹೇಡಿಯೆಂಬ ಹೆಸರು. ಪೊವೆಲ್ ಅವರೂ ಹಳೆಯ ಆಟಗಾರ್ತಿ, ಮಹಿಳಾ ತಂಡಕ್ಕಾಗಿ ಬಹಳ ದುಡಿದವರು, ಫಾರಾ ವಿಲಿಯಮ್ಸ್‌ಗೆ ಕಷ್ಟಕಾಲದಲ್ಲಿ ಆಸರೆಯಾದವರು. ಅವರ ಬಾಯಲ್ಲೂ ಆ ಮಾತು ಬಂತೆಂದರೆ, ದಿಗಿಲನ್ನು ಗುಣದೋಷವೆಂದು ತಿಳಿಯುವ ರೂಢಿ ಎಷ್ಟು ಆಳವಾಗಿತ್ತೆಂದು ಊಹಿಸಬಹುದು.

ಮನಶ್ಶಾಸ್ತ್ರ ಏನನ್ನುತ್ತದೆ

ಕ್ರೀಡಾ ಮನಶ್ಶಾಸ್ತ್ರದವರು ಇದನ್ನು ಬೇರೆ ರೀತಿ ನೋಡಿದ್ದಾರೆ. 1908ರಲ್ಲೇ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಸ್ವಲ್ಪ ಉದ್ವೇಗ ಕಲಿಕೆಗೆ ಅನುಕೂಲ, ಮಿತಿಮೀರಿದರೆ ಕೆಡುಕು ಎಂದು ಅದರಿಂದ ಹೊರಟ ತತ್ವ. ಸಾರಿಗೆ ಉಪ್ಪು ಬೇಕು, ಹೆಚ್ಚಾದರೆ ತಿನ್ನಲಾಗದು, ಹಾಗೆಯೇ ಎನ್ನೋಣ. ಅಂದ ಮೇಲೆ ಪಂದ್ಯದ ಮುಂಚೆ ಎದೆ ಹೊಡೆದುಕೊಳ್ಳುವುದು ರೋಗವಲ್ಲ. ದೇಹ ಆಟಕ್ಕೆ ಸಿದ್ಧವಾಗುತ್ತಿರುವ ಲಕ್ಷಣ.

1990ರಲ್ಲಿ ರೈನರ್ ಮಾರ್ಟೆನ್ಸ್ ಮತ್ತು ಸಂಗಡಿಗರು ಆತಂಕವನ್ನು ಅಳೆಯಲು ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದು ಮೂರನ್ನು ಬೇರೆ ಬೇರೆಯಾಗಿ ನೋಡುತ್ತದೆ. ಮೊದಲನೆಯದು ತಲೆಯೊಳಗಿನ ಚಿಂತೆ: "ತಪ್ಪಿಸಿದರೆ ಎಲ್ಲರೂ ಏನೆಂದಾರು?" ಎರಡನೆಯದು ಮೈಯ ತಳಮಳ: ಹೊಟ್ಟೆ ತೊಳಸುವುದು, ಅಂಗೈ ಬೆವರುವುದು. ಮೂರನೆಯದು ತನ್ನ ಮೇಲೆ ತನಗಿರುವ ನಂಬಿಕೆ. ಚಿಂತೆಗೆ ಮಾಡಬೇಕಾದ ಉಪಚಾರ ಬೇರೆ, ಹೊಟ್ಟೆಗೆ ಮಾಡಬೇಕಾದದ್ದು ಬೇರೆ. "ಹೆದರಬೇಡ" ಎಂಬ ಒಂದೇ ಗುಳಿಗೆ ಎರಡಕ್ಕೂ ನಾಟುವುದಿಲ್ಲ. ಇಂಥ ಪ್ರಶ್ನಾವಳಿಗಳಲ್ಲಿ ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಹೆಚ್ಚು ಆತಂಕವನ್ನು ಬರೆಯುತ್ತಾರೆ. ಅವರಿಗೆ ಭಯ ಹೆಚ್ಚೋ, ಹುಡುಗರು ಅಡಗಿಸುವುದು ಹೆಚ್ಚೋ, ಎರಡಕ್ಕೂ ಎಡೆಯಿದೆ.

ಮನೋಸ್ಥೈರ್ಯದ ಬಗ್ಗೆ ಇಂಗ್ಲೆಂಡಿನ ಪೀಟರ್ ಕ್ಲಫ್ ಮತ್ತಿತರರು 2002ರಲ್ಲಿ ನಾಲ್ಕು ಕಂಬಗಳನ್ನು ಹೇಳಿದರು: ತನ್ನ ಮೇಲೆ ಹಿಡಿತ, ಕೈಗೊಂಡದ್ದರಲ್ಲಿ ಬದ್ಧತೆ, ಕಷ್ಟವನ್ನು ಸವಾಲೆಂದು ಕಾಣುವುದು, ಆತ್ಮವಿಶ್ವಾಸ. ಈ ನಾಲ್ಕರಲ್ಲಿ "ಭಯವೇ ಇಲ್ಲದಿರುವುದು" ಎಂಬ ಕಂಬವಿಲ್ಲ. ನಾರ್ವೆಯ ಗೈರ್ ಯೂರ್ಡೆಟ್ ಪೆನಾಲ್ಟಿಗಳನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಸೀಟಿ ಊದಿದ ಕೂಡಲೇ ಮುಗಿದರೆ ಸಾಕೆಂದು ಅವಸರದಲ್ಲಿ ಒದೆಯುವವರು ಹೆಚ್ಚು ತಪ್ಪಿಸುತ್ತಾರೆ ಎಂಬುದು ಅವರು ಕಂಡ ಒಂದು ಸಂಗತಿ. ಒಂದು ಉಸಿರು ಎಳೆದುಕೊಂಡು ಒದೆಯುವುದನ್ನು ಹುಟ್ಟಿನಿಂದ ತರಬೇಕಿಲ್ಲ, ಅಭ್ಯಾಸದಿಂದ ಕಲಿಯಬಹುದು.

ಹೇಳಿಕೊಂಡವರ ಕಾಲ

ಬದಲಾವಣೆಯ ಗಾಳಿ ಬೀಸಿದ್ದು ಒಂದು ಸೋಲಿನ ದಿನ. 2015ರ ಜುಲೈ 1ರಂದು ಕೆನಡಾದ ಎಡ್ಮಂಟನ್ನಿನಲ್ಲಿ ವಿಶ್ವಕಪ್ ಸೆಮಿಫೈನಲ್. ಜಪಾನಿನ ಮೇಲೆ 1-1. ಕೊನೆಯ ಗಳಿಗೆಯಲ್ಲಿ, 92ನೇ ನಿಮಿಷದಲ್ಲಿ, ಎದುರಾಳಿಯ ಚೆಂಡನ್ನು ತಡೆಯಲು ಕಾಲು ಚಾಚಿದ ಲಾರಾ ಬ್ಯಾಸೆಟ್ ಅದನ್ನು ತಮ್ಮ ಗೋಲಿಗೇ ಹೊಡೆದುಬಿಟ್ಟರು. ಇಂಗ್ಲೆಂಡ್ ಸೋತಿತು. ಮೈದಾನದಲ್ಲೇ ಬಿಕ್ಕಿ ಬಿಕ್ಕಿ ಅತ್ತ ಆಕೆಯನ್ನು ಗೆಳತಿಯರು ಸುತ್ತುವರಿದು ನಿಂತರು. ಪತ್ರಿಕೆಗಳೂ ಜನರೂ ಆಕೆಯನ್ನು ಹೀಗಳೆಯುವ ಬದಲು ಸಂತೈಸಿದರು. ಮೂರು ದಿನದ ಮೇಲೆ ಜರ್ಮನಿಯ ವಿರುದ್ಧ ಮೂರನೇ ಸ್ಥಾನದ ಪಂದ್ಯದಲ್ಲಿ ಅದೇ ಬ್ಯಾಸೆಟ್ ಆಡಿದರು. ಫಾರಾ ವಿಲಿಯಮ್ಸ್ ಹೊಡೆದ ಪೆನಾಲ್ಟಿಯಿಂದ ಇಂಗ್ಲೆಂಡ್ ಗೆದ್ದಿತು. ತಪ್ಪಿದವಳನ್ನು ಕೂರಿಸದೆ ಮತ್ತೆ ಆಡಿಸಿದ್ದು ಎಷ್ಟೋ ಉಪದೇಶಗಳಿಗಿಂತ ದೊಡ್ಡ ಔಷಧ.

ಮುಂದಿನ ವರ್ಷಗಳಲ್ಲಿ ತಂಡದ ಸಿಬ್ಬಂದಿಯಲ್ಲಿ ವೈದ್ಯರಂತೆ ಮನಶ್ಶಾಸ್ತ್ರಜ್ಞರೂ ಇರುವುದು ವಾಡಿಕೆಯಾಯಿತು. 2022ರ ಜುಲೈ 31ರಂದು ವೆಂಬ್ಲಿಯಲ್ಲಿ 87,192 ಜನರ ಮುಂದೆ ಜರ್ಮನಿಯನ್ನು ಸೋಲಿಸಿ ಇಂಗ್ಲೆಂಡ್ ಯೂರೋಪಿನ ಚಾಂಪಿಯನ್ ಆಯಿತು. ಅದೇ ವರ್ಷ ಆಟಗಾರ್ತಿಯರು ಇನ್ನೊಂದು ಆತಂಕವನ್ನೂ ಸಂಕೋಚವಿಲ್ಲದೆ ಮುಂದಿಟ್ಟರು. ಮುಟ್ಟಿನ ದಿನಗಳಲ್ಲಿ ಬಿಳಿ ಚಡ್ಡಿ ತೊಟ್ಟು ಸಾವಿರಾರು ಜನರ ಮುಂದೆ ಓಡುವ ಕಳವಳ ಅದು. 2023ರಲ್ಲಿ ತಂಡದ ಚಡ್ಡಿಯ ಬಣ್ಣ ನೀಲಿಗೆ ಬದಲಾಯಿತು. ಗಟ್ಟಿ ಮನಸ್ಸಿನ ಬಗ್ಗೆ ಎಷ್ಟು ಭಾಷಣ ಮಾಡಿದರೂ ಆಗದ ಕೆಲಸ ಒಂದು ಗಜ ಬಟ್ಟೆಯಿಂದ ಆಯಿತು.

2025ರ ಯೂರೋಪಿಯನ್ ಪಂದ್ಯಾವಳಿ ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. ಆ ವರ್ಷದ ಆರಂಭದಲ್ಲಿ ಕ್ಲೋಯಿ ಕೆಲ್ಲಿ ತಮ್ಮ ಕ್ಲಬ್ಬಿನಲ್ಲಿ ಆಡಲು ಅವಕಾಶವಿಲ್ಲದೆ, ಇದರಿಂದ ತಮ್ಮ ಮಾನಸಿಕ ಆರೋಗ್ಯಕ್ಕೆ ಪೆಟ್ಟು ಬಿದ್ದಿದೆಯೆಂದು ಬಹಿರಂಗವಾಗಿ ಹೇಳಿ ಬೇರೆ ತಂಡಕ್ಕೆ ಹೋಗಿದ್ದರು. ಪಂದ್ಯಾವಳಿಯ ನಡುವೆ ಜೆಸ್ ಕಾರ್ಟರ್ ಅವರ ಮೇಲೆ ಮೈಬಣ್ಣದ ಕಾರಣಕ್ಕೆ ಹೊಲಸು ನಿಂದನೆ ಹರಿಯಿತು. ಅವರೂ ಅದನ್ನು ನುಂಗಿಕೊಳ್ಳದೆ ಎಲ್ಲರಿಗೂ ತಿಳಿಸಿದರು, ತಂಡ ಅವರ ಬೆನ್ನಿಗೆ ನಿಂತಿತು. ಕ್ವಾರ್ಟರ್ ಫೈನಲ್ಲಿನಲ್ಲಿ ಸ್ವೀಡನ್ನಿನ ಮೇಲೆ ಪೆನಾಲ್ಟಿಗೆ ಹೋದಾಗ ಎರಡೂ ತಂಡದವರು ಒದೆದ 14ರಲ್ಲಿ 9 ತಪ್ಪಿದವು! ಆದರೂ ಮುಂದಿನವಳು ನಡೆದು ಬರುತ್ತಲೇ ಇದ್ದಳು. ಇಂಗ್ಲೆಂಡ್ 3-2ರಿಂದ ಗೆದ್ದಿತು.

ಜುಲೈ 27ರಂದು ಬಾಸೆಲ್‌ನಲ್ಲಿ ಸ್ಪೇನ್ ವಿರುದ್ಧ ಫೈನಲ್. ಕಾರ್ಟರ್ ಆಡಿದರು, ಆಡುವ ಮುಂಚೆ ತಮಗೆ ಭಯವಾಗಿತ್ತೆಂದು ಅವರೇ ಆಮೇಲೆ ಹೇಳಿದರು. ಮತ್ತೆ ಪೆನಾಲ್ಟಿ. ಇಂಗ್ಲೆಂಡಿನ ಬೆತ್ ಮೀಡ್ ಒದೆತ ತಡೆಯಲ್ಪಟ್ಟಿತು. ನಾಯಕಿ ಲೇಯಾ ವಿಲಿಯಮ್ಸನ್ ಒದೆತವೂ ತಡೆಯಲ್ಪಟ್ಟಿತು. ಗೋಲ್‌ಕೀಪರ್ ಹ್ಯಾನಾ ಹ್ಯಾಂಪ್ಟನ್ ಸ್ಪೇನಿನ ಎರಡನ್ನು ತಡೆದರು. ಕೊನೆಗೆ ನಡೆದು ಬಂದವರು ಕ್ಲೋಯಿ ಕೆಲ್ಲಿ. ಚೆಂಡು ಬಲೆ ಸೇರಿತು. 1984ರಲ್ಲಿ, 2011ರಲ್ಲಿ ಸೋತ ಅದೇ ಚುಕ್ಕೆಯಿಂದ ಇಂಗ್ಲೆಂಡ್ ಕಪ್ ಗೆದ್ದಿತು.

ಮನಸ್ಸಿನ ಕಷ್ಟ ಹೇಳಿಕೊಂಡವರು ದುರ್ಬಲರಾಗಿದ್ದರೆ ಕೊನೆಯ ಒದೆತಕ್ಕೆ ಕೆಲ್ಲಿ ಬರುತ್ತಿರಲಿಲ್ಲ. ಮನಸ್ಸಿನ ಗಟ್ಟಿತನ ಮೈದಾನದಲ್ಲಿ ಬೆಳೆಯುವ ಬೆಳೆ. ಅದಕ್ಕೆ ಮೊದಲು ಮೈದಾನದ ಗೇಟು ತೆರೆದಿರಬೇಕು. ಎರಡನೆಯದಾಗಿ ಭಯವಾಯಿತೆಂದರೆ ನಗುವವರು ಇರಬಾರದು. ಮೂರನೆಯದಾಗಿ ತಪ್ಪಿದವಳಿಗೆ ಇನ್ನೊಮ್ಮೆ ಚೆಂಡು ಕೊಡಬೇಕು. ನೂರು ವರ್ಷದ ಕಥೆಯಿಂದ ನಮಗೆ ತಿಳಿದದ್ದು ಇಷ್ಟೆ.

ನಮ್ಮ ಮನೆಗಳಿಗೆ

ಭಾರತದ ಹುಡುಗಿಯರೂ ಈ ದಾರಿಯಲ್ಲಿ ಬಂದಿದ್ದಾರೆ. ನಮ್ಮ ದೇಶದ ಗೋಲ್‌ಕೀಪರ್ ಆಗಿದ್ದ ಅದಿತಿ ಚೌಹಾಣ್ ಇಲ್ಲಿಯ ಲಫ್‌ಬರೋ ವಿಶ್ವವಿದ್ಯಾಲಯಕ್ಕೆ ಓದಲು ಬಂದು, 2015ರಲ್ಲಿ ವೆಸ್ಟ್ ಹ್ಯಾಮ್ ಮಹಿಳಾ ತಂಡದ ಪರವಾಗಿ ಆಡಿದರು. ಮಣಿಪುರದ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದರು. ನಮ್ಮ ಮಕ್ಕಳಿಗೆ ಇವರ ಹೆಸರೂ ಗೊತ್ತಿರಲಿ.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಪಂದ್ಯ ಮುಗಿಸಿ ಕಾರು ಹತ್ತಿದ ಕೂಡಲೇ "ಎಷ್ಟು ಗೋಲು?" ಎಂದು ಕೇಳಬೇಡಿ. "ಹೊಟ್ಟೆ ಹೇಗಿದೆ ಈಗ?" ಎಂದು ಕೇಳಿ. ಶನಿವಾರ ರಾತ್ರಿಯ ತಳಮಳಕ್ಕೆ ಲಘು ಊಟ, ನಾಲ್ಕು ನಿಧಾನದ ಉಸಿರು, ಬೇಗನೆ ನಿದ್ದೆ. ಎಷ್ಟು ದಿನವಾದರೂ ಊಟ ನಿದ್ದೆ ಸರಿಹೋಗದಿದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ. ನಾಲ್ಕು ಜನ ಏನೆಂದಾರು ಎಂಬ ಅಳುಕು ಬೇಡ.

ಈ ಲೇಖನದ ಕರಡನ್ನು ಆ ಸದಸ್ಯೆ ಮಗಳಿಗೆ ಓದಿ ಹೇಳಿದರಂತೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾಪ್ಟನ್ ಕೂಡ ಮಿಸ್ ಮಾಡಿದ್ರಾ?" ಹೌದು ಪುಟ್ಟಿ, ಫೈನಲ್ಲಿನಲ್ಲೇ. ಬೂಟು ಸದ್ಯಕ್ಕೆ ಗ್ಯಾರೇಜಿನಿಂದ ಮನೆಯೊಳಗೆ ಬಂದಿದೆ.

ಕೊನೆಯದಾಗಿ ನಮ್ಮ ಕಾರ್ಯಕಾರಿ ಸಮಿತಿಗೆ ಒಂದು ಮಾತು. ಪ್ರತಿ ಬೇಸಿಗೆಯ ಪಿಕ್‌ನಿಕ್ಕಿನಲ್ಲಿ ಗಂಡಸರಿಗೆ, ಹುಡುಗರಿಗೆ ಕ್ರಿಕೆಟ್, ಹೆಂಗಸರಿಗೆ ಹುಡುಗಿಯರಿಗೆ ಮ್ಯೂಸಿಕಲ್ ಚೇರ್ ಇಡುವುದು ನಮ್ಮ ವಾಡಿಕೆ. ಈ ಸಲ ಹುಡುಗಿಯರಿಗೆ ಒಂದು ಫುಟ್‌ಬಾಲ್ ಪಂದ್ಯ ಇಡೋಣ. ಚೆಂಡು ನಾವು ತರುತ್ತೇವೆ.